ಗೆಂಡದಡ್ಯೆಯ ಹದಿನಾರು ತುಂಡು

ಬೆಳೆ ಹಬ್ಬದ ದಿನ ಆರಾಧನೆ ಮುಗಿದ ಮೇಲೆ ದೇವಾಲಯದ, ಅಂದರೆ ನಮ್ಮ ಚರ್ಚಿನ, ಅಂಗಳದಲ್ಲಿ ಮೇಜು ಹಾಕಿ ಕೇಕ್ ಮಾರುವುದು ನಮ್ಮ ಯುವಜನ ಸಂಘದ ಹಳೇ ಪದ್ಧತಿ. ನಾನು ಹುಟ್ಟುವ ಮೊದಲಿನಿಂದಲೂ ಇದೆ. ಬಂದ ದುಡ್ಡಿನಲ್ಲಿ ಜೂನ್ ತಿಂಗಳಲ್ಲಿ ಸಭೆಯ ಮಕ್ಕಳಿಗೆ ನೋಟ್‌ಬುಕ್ಕು, ಕೊಡೆ, ಒಂದಿಬ್ಬರಿಗೆ ಶಾಲೆ ಫೀಸು ಕೊಡುತ್ತೇವೆ. ನಮ್ಮದು ಮಂಗಳೂರಿನ ಜೆಪ್ಪು ಕಡೆಯ ಸಣ್ಣ ಕ್ರೈಸ್ತ ಸಭೆ. ಸಂಘದಲ್ಲಿ ಇರುವುದು ಹದಿನೆಂಟು ಜನ. ಅದರಲ್ಲಿ ಅರ್ಧ ಜನ ಬೆಂಗಳೂರಲ್ಲಿ ಕೆಲಸಕ್ಕಿದ್ದಾರೆ, ಹಬ್ಬಕ್ಕೆ ಬರುತ್ತಾರೆ.

ಕಳೆದ ವರ್ಷ ನಾವು ಒಂದು ಕೇಕನ್ನೂ ಬೇಯಿಸಲಿಲ್ಲ. ಯಾರಿಗೂ ಪುರುಸೊತ್ತಿಲ್ಲ ಅಂತ ಒಂದು ಬೇಕರಿಗೆ ಆರ್ಡರ್ ಕೊಟ್ಟೆವು. ಅಲ್ಲಿಂದ ಬಂದ ಕೇಕಿಗೆ ಸಂಘದ ಹೆಸರಿನ ಚೀಟಿ ಅಂಟಿಸಿ, ತುಂಡಿಗೆ ಹತ್ತು ರೂಪಾಯಿ ಜಾಸ್ತಿ ಇಟ್ಟು ಮಾರಿದೆವು. ನಮ್ಮ ಸಾಲಿನ ಮೂಲೆಮನೆ ಅಜ್ಜಿ ಒಂದು ತುಂಡು ತೆಗೆದುಕೊಂಡರು. ಬಾಯಿಗೆ ಹಾಕಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ಬೇಯಿಸಿದ್ದು ಯಾರು ಮಗಾ?" ಅಂತ ಕೇಳಿದರು. ನಾನು ಬೇಕರಿಯದ್ದು ಅಂದೆ. ಅವರು ಬೈಯಲಿಲ್ಲ. "ಹೌದಾ" ಅಂದರು, ದುಡ್ಡು ಕೊಟ್ಟರು, ಹೋದರು. ಆ "ಹೌದಾ" ನನ್ನ ತಲೆಯಿಂದ ಹೋಗಲೇ ಇಲ್ಲ. ಇಡೀ ವರ್ಷ.

ಹಾಗಾಗಿ ಈ ವರ್ಷ ಜುಲೈಯಲ್ಲೇ ಸಂಘದ ಮೀಟಿಂಗಿನಲ್ಲಿ ನಾನು ಹೇಳಿದೆ, ಈ ಸಲ ನಾವೇ ಬೇಯಿಸೋಣ, ಅದಕ್ಕೂ ಮೊದಲು ಈ ಮಾರಾಟ ಶುರುವಾದದ್ದು ಹೇಗೆ ಅಂತ ಗೊತ್ತು ಮಾಡಿಕೊಳ್ಳೋಣ. ಎಲ್ಲರೂ ಒಪ್ಪಿದರು. ಗೊತ್ತು ಮಾಡಿಕೊಳ್ಳುವ ಕೆಲಸ ನನಗೇ ಬಂತು.

ನಮ್ಮಲ್ಲಿ ಎಲ್ಲರೂ ನಂಬಿದ್ದ ಕಥೆ ಒಂದಿತ್ತು. ಗಲ್ಫಿಗೆ ಹೋದ ಯಾರೋ ಒಬ್ಬರು ಮೇಲೆ ಗಾಜಿನ ಕಿಟಕಿ ಇರುವ ದುಂಡಗಿನ ಅಲ್ಯೂಮಿನಿಯಂ ಓವನ್ ತಂದರು. ಅದರಲ್ಲಿ ಅವರ ಹೆಂಡತಿ ಕೇಕ್ ಮಾಡಿ ಸಂಘಕ್ಕೆ ಕೊಟ್ಟರು. ಅಲ್ಲಿಂದ ಈ ಪದ್ಧತಿ ಬಂತು. ಆ ಓವನ್ ಈಗಲೂ ಅವರ ಮನೆ ಅಟ್ಟದಲ್ಲಿ ಉಂಟು, ನಾನು ಹೋಗಿ ನೋಡಿದ್ದೇನೆ. ಅಮ್ಮನೂ ಅದನ್ನೇ ಹೇಳಿದರು. ಆದರೆ ಅಮ್ಮನಿಗೆ ಒಂದು ಪ್ರಶ್ನೆ ಕೇಳಿದೆ: ಓವನ್ ಬರುವ ಮೊದಲು ಯಾರೂ ಏನೂ ಮಾರುತ್ತಿರಲಿಲ್ವಾ? ಅಮ್ಮ ಯೋಚಿಸಿ, "ಮಾರ್ತಿದ್ರು, ಆದ್ರೆ ಅದು ಕೇಕ್ ಅಲ್ಲ ಮಾರಾಯ್ರೆ, ಎಂತದ್ದೋ ಅಡ್ಯೆ" ಅಂದರು.

ಆ ಮಾತು ಹಿಡಿದುಕೊಂಡು ಸಭಾಪಾಲಕರ ಹತ್ತಿರ ಹೋದೆ. ದೇವಾಲಯದ ಪಕ್ಕದ ವೆಸ್ಟ್ರಿ ಕೋಣೆಯ ಕಪಾಟಿನಲ್ಲಿ ಹಳೇ ಲೆಕ್ಕದ ಪುಸ್ತಕಗಳು ಇದ್ದವು. ಅವರು ಕೀಲಿ ಕೊಟ್ಟು, "ಹಾಳೆ ಜಾಗ್ರತೆ, ಮುಟ್ಟಿದರೆ ಪುಡಿಯಾಗುತ್ತದೆ" ಅಂದರು. ಎರಡು ಶನಿವಾರ ಅಲ್ಲೇ ಕೂತೆ. ಹೆಚ್ಚಿನ ಪುಸ್ತಕಗಳಲ್ಲಿ ದೀಪದ ಎಣ್ಣೆ, ಹಂಚು ಬದಲಾಯಿಸಿದ ಕೂಲಿ, ಗಂಟೆಯ ಹಗ್ಗ, ಇಂಥದ್ದೇ. ಮೂರನೇ ಪುಸ್ತಕದ ಮೊದಲ ಹಾಳೆಗಳನ್ನು ಗೆದ್ದಲು ತಿಂದಿತ್ತು, ವರ್ಷ ಕಾಣಲಿಲ್ಲ. ಒಳಗೆ ಬೆಳೆ ಹಬ್ಬದ ಏಲಂ, ಅಂದರೆ ಹರಾಜಿನ, ಲೆಕ್ಕ ಇತ್ತು. ಬಾಳೆಗೊನೆ, ತೆಂಗಿನಕಾಯಿ, ಭತ್ತ, ಕೋಳಿ, ಸುವರ್ಣಗೆಡ್ಡೆ, ಒಂದೊಂದರ ಮುಂದೆಯೂ ದುಡ್ಡು. ಆಮೇಲೆ ಈ ಎರಡು ಸಾಲು:

"ಗೆಂಡದಡ್ಯೆ 5, ಏಲಂ, ರೂ. 2-13-0."

"ಯೌವನಸ್ಥರು ಅಡ್ಯೆ ತುಂಡು ಮಾರಿ ತಂದದ್ದು, ರೂ. 0-6-0."

ನಾನು ಆ ಎರಡನೇ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಆರು ಅಣೆ. ಯೌವನಸ್ಥರು ಅಂದರೆ ನಾವೇ ಅಲ್ವಾ. ಆಗ ಸಂಘಕ್ಕೆ ಬೇರೆ ಹೆಸರು, ಅಷ್ಟೇ.

ತುಳು ಗೊತ್ತಿಲ್ಲದವರಿಗೆ ಒಂದು ಮಾತು. ಗೆಂಡ ಅಂದರೆ ಕೆಂಡ. ಅಡ್ಯೆ ಅಂದರೆ ಅಕ್ಕಿ ಕಡೆದು ಮಾಡುವ ಕಡುಬಿನ ಥರದ ತಿಂಡಿ. ಸಾಮಾನ್ಯವಾಗಿ ಅಡ್ಯೆಯನ್ನು ಹಬೆಯಲ್ಲಿ ಬೇಯಿಸುತ್ತಾರೆ. ಗೆಂಡದಡ್ಯೆ ಮಾತ್ರ ಹಾಗಲ್ಲ. ಅದಕ್ಕೆ ಕೆಳಗೂ ಕೆಂಡ, ಮೇಲೂ ಕೆಂಡ. ಅಂದರೆ ನಮ್ಮೂರಿನ ಅಡುಗೆಮನೆಗಳಿಗೆ ಓವನ್ ಬರುವುದಕ್ಕಿಂತ ಎಷ್ಟೋ ಮೊದಲೇ ನಮ್ಮ ಅಜ್ಜಿಯಂದಿರಿಗೆ ಬೇಕ್ ಮಾಡುವುದು ಗೊತ್ತಿತ್ತು.

ಪುಸ್ತಕ ಯಾವ ಕಾಲದ್ದು ಅಂತ ತಿಳಿಯಬೇಕಿತ್ತು. ಲೆಕ್ಕ ಎಲ್ಲ ರೂಪಾಯಿ, ಅಣೆ, ಪೈಯಲ್ಲಿದೆ. ನಮ್ಮ ದೇಶದಲ್ಲಿ ರೂಪಾಯಿಗೆ ನೂರು ನಯಾ ಪೈಸೆ ಅನ್ನುವ ಲೆಕ್ಕ ಬಂದದ್ದು 1957ರ ಏಪ್ರಿಲ್ 1ಕ್ಕೆ. ಹಾಗಾದರೆ ಇದು ಅದಕ್ಕಿಂತ ಹಿಂದಿನದ್ದು ಅಂತ ಖುಷಿಯಿಂದ ಎಲ್ಲರಿಗೂ ಮೆಸೇಜ್ ಹಾಕಿದೆ. ಸಂಘದ ಖಜಾಂಚಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಅವಳು ತಕ್ಷಣ ತಡೆದಳು. ನಾಣ್ಯ ಬದಲಾದ ಕೂಡಲೇ ಜನರ ಬಾಯಿಯ ಲೆಕ್ಕ ಬದಲಾಗುವುದಿಲ್ಲ, ಹಳೇ ಕಾರಕೂನರು ಇನ್ನೂ ಒಂದೆರಡು ವರ್ಷ ಅಣೆಯಲ್ಲೇ ಬರೆದಿರಬಹುದು ಅಂದಳು. ಅವಳು ಹೇಳಿದ್ದು ಸರಿ. ಇದಕ್ಕೆ ಒಳ್ಳೇ ಉದಾಹರಣೆ ನಮ್ಮ ಸಭೆಯ ಚರಿತ್ರೆಯಲ್ಲೇ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ಗೆ ಸ್ವಿಟ್ಜರ್ಲೆಂಡಿನಲ್ಲಿ ದುಡ್ಡು ಕೂಡಿಸಲು 1855ರಲ್ಲಿ ಒಂದು ಯೋಜನೆ ಶುರುವಾಯಿತು. ಅದಕ್ಕೆ ಸೇರಿದವರು ವಾರಕ್ಕೆ ಅರ್ಧ ಬಾಟ್ಸೆನ್ ಕೊಡಬೇಕು. ಬಡವರಿಗೂ ಕೊಡಲು ಆಗುವಷ್ಟು ಸಣ್ಣ ನಾಣ್ಯ ಅದು. ವಿಶೇಷ ಏನೆಂದರೆ ಅಷ್ಟೊತ್ತಿಗೆ ಅಲ್ಲಿ ಬಾಟ್ಸೆನ್ ಹೋಗಿ ಫ್ರಾಂಕ್ ಬಂದಾಗಿತ್ತು. ಆದರೂ ಜನ ಹಳೇ ನಾಣ್ಯದ ಹೆಸರನ್ನೇ ಇಟ್ಟುಕೊಂಡರು. ಹಾಗಾಗಿ ನಮ್ಮ ಪುಸ್ತಕಕ್ಕೂ ಗಟ್ಟಿಯಾಗಿ ಇಂಥದ್ದೇ ವರ್ಷ ಅಂತ ನಾನು ಹಾಕಲಿಲ್ಲ. 1957ರ ಆಸುಪಾಸು ಅಂತ ಬರೆದಿಟ್ಟೆ.

ಉಳಿದದ್ದನ್ನು ಹೇಳಲು ಇದ್ದವರು ಮೂಲೆಮನೆ ಅಜ್ಜಿ ಒಬ್ಬರೇ.

ಒಂದು ಮಳೆಯ ಸಂಜೆ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಪುಸ್ತಕದ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು. "ಆರಣೆ" ಅಂತ ಜೋರಾಗಿ ಹೇಳಿದರು. ಆಮೇಲೆ, "ಅದು ನನ್ನ ಅಣ್ಣನ ಕೆಲಸ" ಅಂದರು.

ಅಜ್ಜಿಯ ತಾಯಿ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಬಾಸೆಲ್ ಮಿಷನ್‌ನವರು 1865ರಲ್ಲಿ ನಮ್ಮ ಜೆಪ್ಪುವಿನಲ್ಲಿ ನೇತ್ರಾವತಿಯ ದಡದ ಹತ್ತಿರ ಶುರು ಮಾಡಿದ ಕಾರ್ಖಾನೆ ಅದು. ಮಂಗಳೂರು ಹಂಚು ಅಂತ ಲೋಕಕ್ಕೆಲ್ಲ ಗೊತ್ತಾದದ್ದು ಅಲ್ಲಿಂದ. ಆ ಕಾರ್ಖಾನೆ ಬಂದದ್ದಕ್ಕೂ ಕಾರಣ ಉಂಟು. ಕ್ರೈಸ್ತರಾದ ಹೆಚ್ಚಿನವರು ಬಿಲ್ಲವರು, ಅವರಲ್ಲಿ ತುಂಬ ಜನರ ಕಸುಬು ಮೂರ್ತೆ. ಶೇಂದಿ ಇಳಿಸುವುದು ಮಿಷನ್‌ನವರಿಗೆ ಒಪ್ಪಿಗೆ ಇರಲಿಲ್ಲ. ಕಸುಬು ಬಿಟ್ಟವರು ಊಟಕ್ಕೆ ಏನು ಮಾಡಬೇಕು? ಅದಕ್ಕೆ ನೇಯ್ಗೆ, ಅಚ್ಚುಕೂಟ, ಹಂಚು. 1914ರಲ್ಲಿ ಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳನ್ನು ಸರಕಾರ ಹಿಡಿದು ಕೂರಿಸಿತು, ಆಮೇಲೆ ಊರಿಗೆ ಕಳಿಸಿತು. 1919ರಲ್ಲಿ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಅಜ್ಜಿಯ ತಾಯಿ ಕೆಲಸ ಮಾಡಿದ್ದು ಆಮೇಲಿನ ಕಾಲದಲ್ಲಿ, ಆದರೆ ಅವರ ಮನೆಯಲ್ಲಿ ಕೊನೆವರೆಗೂ ಅದು "ಮಿಷನ್ ಕಾರ್ಖಾನೆ"ಯೇ.

"ದೊರೆಗಳು ಹೋದ ಮೇಲೆ ಸಭೆ ನಡೆಸುವುದು ನಾವೇ ಅಲ್ವಾ" ಅಂದರು ಅಜ್ಜಿ. ಅವರ ಅಜ್ಜಿ ಅವರಿಗೆ ಹೇಳಿದ ಮಾತಂತೆ ಅದು. "ನಮ್ಮ ಹತ್ರ ಕಾಸು ಎಲ್ಲಿತ್ತು? ಅಕ್ಕಿ ಇತ್ತು." ದಿನಾ ಗಂಜಿಗೆ ಕುಚ್ಚಲಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದರಂತೆ. ಭಾನುವಾರ ಅದನ್ನು ದೇವಾಲಯಕ್ಕೆ ಒಯ್ಯುವುದು. ವರ್ಷಕ್ಕೊಮ್ಮೆ ಬೆಳೆ ಹಬ್ಬಕ್ಕೆ ಗದ್ದೆ ಇದ್ದವರು ಭತ್ತ, ತೋಟ ಇದ್ದವರು ಬಾಳೆಗೊನೆ ತರುತ್ತಿದ್ದರು. ಎರಡೂ ಇಲ್ಲದ ಹೆಂಗಸರು ಏನಾದರೂ ಬೇಯಿಸಿ ತರುತ್ತಿದ್ದರು. ಅಜ್ಜಿಯ ತಾಯಿ ತರುತ್ತಿದ್ದದ್ದು ಗೆಂಡದಡ್ಯೆ. ಅದಕ್ಕೆ ಮೊಟ್ಟೆ ಬೇಡ, ತುಪ್ಪ ಬೇಡ, ಹುಳಿ ಬರಿಸಲು ಶೇಂದಿಯೂ ಬೇಡ.

ನಮ್ಮೂರಿಗೆ ಇದೇನೂ ಹೊಸತಲ್ಲ. ದೇವಸ್ಥಾನದ ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಅಂತ ಲಾರಿಗಟ್ಟಲೆ ತರಕಾರಿ, ಅಕ್ಕಿ, ತೆಂಗಿನಕಾಯಿ ಹೋಗುವುದನ್ನು ನಾವು ಈಗಲೂ ನೋಡುತ್ತೇವೆ. ಉಡುಪಿಯಲ್ಲಿ ರವಿ ಕಟಪಾಡಿಯವರು ಅಷ್ಟಮಿಗೆ ವೇಷ ಹಾಕಿ, ಬಂದ ದುಡ್ಡನ್ನೆಲ್ಲ ಕಾಯಿಲೆಯ ಮಕ್ಕಳಿಗೆ ಕೊಟ್ಟಿದ್ದಾರೆ. ಅದೇ ಉಡುಪಿಯಲ್ಲಿ 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಶುರು ಮಾಡಿ, ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡು ಅಣೆ ಕೂಡಿಸಿದರು. ನಮ್ಮ ಕಡೆ ದೊಡ್ಡ ಕೆಲಸಗಳ ದುಡ್ಡು ಬಂದದ್ದು ಹೀಗೇ ಸಣ್ಣ ಸಣ್ಣದಾಗಿ.

ಈಗ ಆರಣೆಯ ಕಥೆ. ಏಲಂ ಅಂದರೆ ಕೈಯಲ್ಲಿ ಕಾಸಿದ್ದವರ ಆಟ. "ಒಂಜಿ ಸರ್ತಿ, ರಡ್ಡ್ ಸರ್ತಿ, ಮೂಜಿ ಸರ್ತಿ" ಅಂತ ಕೂಗಿ ಮುಗಿಸಿದರೆ ಇಡೀ ಅಡ್ಯೆ ಒಬ್ಬರ ಮನೆಗೆ ಹೋಯಿತು. ಕಾರ್ಖಾನೆಯವರ ಮಕ್ಕಳು ವಾಸನೆ ಕುಡಿದು ಮನೆಗೆ ಬರುತ್ತಿದ್ದರು. ತಾಯಿಯೇ ಮಾಡಿದ ಅಡ್ಯೆ, ಮಕ್ಕಳಿಗೇ ಸಿಗುವುದಿಲ್ಲ, ಯಾಕೆಂದರೆ ಅದು ದೇವರಿಗೆ ಕೊಟ್ಟಾಯಿತು. ಅಜ್ಜಿಗೆ ಆಗ ಎಂಟು ವರ್ಷ, ಅಣ್ಣನಿಗೆ ಹದಿಮೂರು ಇರಬಹುದು. ಆ ವರ್ಷ ಅಣ್ಣ ಮತ್ತು ನಾಲ್ಕು ಜನ ಗೆಳೆಯರು ತಲೆಗೆ ಎರಡು ಅಣೆ ಹಾಕಿದರು. ಹತ್ತಾಣೆ ಆಯಿತು. ಒಂದು ಅಡ್ಯೆಗೆ ಏಲಂ ಕೂಗಿದರು. ದೊಡ್ಡವರು ಸುಮ್ನೆ ಬಿಟ್ಟುಕೊಟ್ಟರೋ, ಗೊತ್ತಿಲ್ಲ, ಅವರಿಗೇ ಸಿಕ್ಕಿತು. ಗಂಟೆಕಂಬದ ಪಕ್ಕದ ಕಟ್ಟೆಯ ಮೇಲಿಟ್ಟು ಹದಿನಾರು ತುಂಡು ಮಾಡಿದರು. ತುಂಡಿಗೆ ಒಂದು ಅಣೆ. ಹತ್ತು ನಿಮಿಷದಲ್ಲಿ ಖಾಲಿ. ಹದಿನಾರು ಅಣೆ ಬಂತು, ಪೂರ್ತಿ ಒಂದು ರೂಪಾಯಿ. ಹಾಕಿದ ಹತ್ತಾಣೆ ತೆಗೆದು ಉಳಿದ ಆರಣೆಯನ್ನು ಹೋಗಿ ಹಿರಿಯರ ಮೇಜಿನ ಮೇಲಿಟ್ಟರು.

ನಾನು ಪುಸ್ತಕದ ಸಾಲು ನೋಡಿದೆ, ಅಜ್ಜಿಯ ಮುಖ ನೋಡಿದೆ. ಲೆಕ್ಕ ಒಂದು ಪೈ ಕೂಡ ಆಚೀಚೆ ಇಲ್ಲ. ಇಷ್ಟು ವರ್ಷ ಆದ ಮೇಲೆ ಒಂದು ಬಾಯಿಮಾತು ಮತ್ತು ಒಂದು ಗೆದ್ದಲು ತಿಂದ ಹಾಳೆ ಹೀಗೆ ಕೂಡಿಬಂದದ್ದು ನೋಡಿ ನನಗೆ ಕಣ್ಣು ತುಂಬಿತು.

ಮುಂದಿನ ವರ್ಷ ತಾಯಂದಿರು ಒಂದು ಅಡ್ಯೆಯನ್ನು ಏಲಂಗೆ ಹಾಕದೆ ನೇರ ಹುಡುಗರ ಕೈಗೇ ಕೊಟ್ಟರು. ಅಲ್ಲಿಂದ ಪದ್ಧತಿ ಆಯಿತು. ಆಮೇಲೆ ಅದೇ ಕೆಂಡದಲ್ಲಿ ರವೆ ಕೇಕ್ ಮಾಡಿದರು. ಆಮೇಲೆ ಗಲ್ಫಿನ ಓವನ್ ಬಂತು. ಆಮೇಲೆ ನಾವು, ಬೇಕರಿ.

ನಾನು ಅಜ್ಜಿಗೆ, ನಮಗೆ ಗೆಂಡದಡ್ಯೆ ಮಾಡಲು ಕಲಿಸ್ತೀರಾ ಅಂತ ಕೇಳಿದೆ. "ಮಾಡಿ ಎಷ್ಟು ವರ್ಷ ಆಯ್ತೋ" ಅಂದರು. ಆದರೆ ಎದ್ದು ಒಳಗೆ ಹೋಗಿ, ಅಟ್ಟದ ಜಂತಿಗೆ ಬಾಳೆಹಗ್ಗದಲ್ಲಿ ಕಟ್ಟಿ ನೇತುಹಾಕಿದ್ದ ಸೌತೆಕಾಯಿಗಳಲ್ಲಿ ಎರಡನ್ನು ಇಳಿಸಿ ತಂದರು. ಮಂಗಳೂರು ಸೌತೆ ಹಾಗೆ ಕಟ್ಟಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ, ಮಳೆಗಾಲ ಪೂರ್ತಿ ಅದೇ ತರಕಾರಿ.

ಸೆಪ್ಟೆಂಬರಿನಿಂದ ಅಭ್ಯಾಸ ಶುರು. ನಮ್ಮಲ್ಲಿ ಹೆಚ್ಚಿನವರ ಮನೆ ಫ್ಲ್ಯಾಟು, ಕೆಂಡ ಹಾಕುವ ಮಾತೇ ಇಲ್ಲ. ಅಜ್ಜಿಯ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದೆವು. ಬೇಕಾದದ್ದು ಬೆಳ್ತಿಗೆ ಅಕ್ಕಿ (ಮಾಮೂಲಿ ಬಿಳಿ ಅಕ್ಕಿ), ಸೌತೆಕಾಯಿ ತುರಿ, ತೆಂಗಿನಕಾಯಿ, ಬೆಲ್ಲ, ಉಪ್ಪು, ಒಂದಿಷ್ಟು ಏಲಕ್ಕಿ. ಅಷ್ಟೇ. ಅಳತೆ ಕೇಳಿದರೆ ಅಜ್ಜಿ ಕೈ ತೋರಿಸುತ್ತಿದ್ದರು. ನಾನು ಪ್ರತಿ ಸಲ ಅವರ ಕೈಯಿಂದ ಬಟ್ಟಲಿಗೆ ಹಾಕಿಸಿ, ಅಳೆದು ಬರೆದುಕೊಂಡೆ. ಕೊನೆಗೆ ಬಂದ ಲೆಕ್ಕ ಹೀಗೆ: ಅಕ್ಕಿ ಎಷ್ಟು ಪಾವೋ ಹಿಂಡದ ಸೌತೆ ತುರಿಯೂ ಅಷ್ಟೇ, ಕಾಯಿತುರಿ ಅದರ ಅರ್ಧ, ಬೆಲ್ಲ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ.

ಮೊದಲನೇ ಅಡ್ಯೆ ಕೆಟ್ಟಿತು. ನಾವು ಅಕ್ಕಿಯನ್ನು ಮಿಕ್ಸಿಯಲ್ಲಿ ದೋಸೆ ಹಿಟ್ಟಿನ ಹಾಗೆ ನುಣ್ಣಗೆ ಮಾಡಿದ್ದೆವು, ಜೊತೆಗೆ ನೀರು ಬೇರೆ ಹಾಕಿದ್ದೆವು. ಬೆಂದ ಮೇಲೆ ಅಂಟು ಅಂಟು, ಚೂರಿಗೆ ಹಿಡಿದುಕೊಂಡು ಬಂತು. ನೀರು ಬೇಡವೇ ಬೇಡ, ಸೌತೆಯಲ್ಲಿರುವ ನೀರೇ ಸಾಕು ಅಂತ ಅಜ್ಜಿ ಮೊದಲೇ ಹೇಳಿದ್ದರು. ಎರಡನೇ ಸಲ ಅಕ್ಕಿಯನ್ನು ನೆನೆಸಿ, ನೀರು ಬಸಿದು, ರವೆಯ ಹಾಗೆ ತರಿತರಿಯಾಗಿ ಕಡೆದೆವು. ಹಿಟ್ಟು ಸರಿ ಬಂತು. ಆದರೆ ಅಡಿ ಕರಟಿ ಇದ್ದಲಾಯಿತು, ನಡು ಹಸಿಯಾಗಿಯೇ ಉಳಿಯಿತು.

ಅಜ್ಜಿ ಅಡಿ ತಿರುಗಿಸಿ ನೋಡಿ ಹೇಳಿದ್ದು ಇಷ್ಟೇ: "ಕೆಳಗಿನ ಗೆಂಡ ಬಿಸಿ ಹಿಡಿಯಲಿಕ್ಕೆ, ಬೇಯಿಸುವುದು ಮೇಲಿನದ್ದು."

ಇದೇ ಇಡೀ ವಿದ್ಯೆ. ನಾವು ಒಲೆಯ ಅಭ್ಯಾಸದವರು, ಬೆಂಕಿ ಅಂದರೆ ಕೆಳಗೆ ಇರಬೇಕು ಅಂತ ನಮ್ಮ ತಲೆಯಲ್ಲಿ ಕೂತಿದೆ. ಗೆಂಡದಡ್ಯೆಗೆ ಕೆಳಗೆ ತೆಳುವಾಗಿ ಕೆಂಡ ಹರಡಿ, ಅದರ ಮೇಲೆ ಬೂದಿ ಹಾಕಬೇಕು. ಮೇಲಿನ ಮುಚ್ಚಳದ ಮೇಲೆ ಕೆಂಡ ದಪ್ಪಕ್ಕೆ ಇರಬೇಕು, ಅದು ಸೋತ ಹಾಗೆ ಹೊಸ ಕೆಂಡ ಹಾಕುತ್ತಾ ಇರಬೇಕು. ತೆಂಗಿನ ಗೆರಟೆಯ ಕೆಂಡ ಒಳ್ಳೇದು, ಬೇಗ ಸಾಯುವುದಿಲ್ಲ. ಆದರೆ ಗೆರಟೆಯನ್ನು ಮೊದಲು ಬೇರೆ ಕಡೆ ಉರಿಸಿ, ಹೊಗೆ ಹೋಗಿ ಕೆಂಪಾದ ಮೇಲೆ ತರಬೇಕು, ಇಲ್ಲದಿದ್ದರೆ ಅಡ್ಯೆಗೆ ಹೊಗೆ ವಾಸನೆ ಹೊಡೆಯುತ್ತದೆ. ಪಾತ್ರೆಯ ಅಡಿಗೂ ಬದಿಗೂ ಬಾಡಿಸಿದ ಬಾಳೆ ಎಲೆ, ಹಿಟ್ಟಿನ ಮೇಲೆ ಒಂದು ಅರಿಶಿನ ಎಲೆ. ಅರಿಶಿನ ಎಲೆ ಬಿಸಿಯಾಗಿ ಬರುವ ಪರಿಮಳ ಇದೆಯಲ್ಲ, ಅದು ಬಂತೆಂದರೆ ಅರ್ಧ ಬೆಂದಿದೆ ಅಂತ ಲೆಕ್ಕ. ಪೂರ್ತಿ ಬೇಯಲು ಒಂದೂಕಾಲು ಗಂಟೆ ಬೇಕಾಯಿತು.

ಮುಚ್ಚಳದ್ದೂ ಒಂದು ಕಥೆ. ಸ್ಟೀಲ್ ತಟ್ಟೆ ಇಟ್ಟರೆ ಕೆಂಡದ ಭಾರಕ್ಕೆ, ಬಿಸಿಗೆ ಬಾಗಿ ಬೂದಿ ಒಳಗೆ ಬಿತ್ತು. ಅಜ್ಜಿ ಹಿತ್ತಲ ಮೂಲೆಯಿಂದ ಒಂದು ಚಪ್ಪಟೆ ಹಂಚು ಎತ್ತಿ ತಂದರು. ಮಣ್ಣು ಒರೆಸಿ ತೊಳೆದಾಗ ಬಾಸೆಲ್ ಮಿಷನ್ ಅಂತ ಅಚ್ಚು ಕಾಣಿಸಿತು. ಅವರ ತಾಯಿ ಬಳಸುತ್ತಿದ್ದದ್ದು ಇದೇ. ಹಂಚು ನಿಧಾನಕ್ಕೆ ಬಿಸಿಯಾಗುತ್ತದೆ, ಆದರೆ ಹಿಡಿದ ಬಿಸಿಯನ್ನು ಬಿಡುವುದಿಲ್ಲ. ಅದನ್ನು ಮುಚ್ಚಿದ ದಿನ ಅಡ್ಯೆಯ ಮೇಲ್ಭಾಗ ಮೊದಲ ಸಲ ಕಂದು ಬಣ್ಣಕ್ಕೆ ಬಂತು. ಆಮೇಲೆ ಅಂಥದ್ದೇ ಹಂಚು ಹುಡುಕಿಕೊಂಡು ಹಳೇ ಮನೆ ಕೆಡವಿದ ಕಡೆಯೆಲ್ಲ ತಿರುಗಿದೆವು. ಐದು ಸಿಕ್ಕಿತು.

ಕಾಗದದ ಕೆಲಸದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಮ್ಮಲ್ಲಿ ಒಬ್ಬಳು ಮನೆಯಿಂದ ಕೇಕ್ ಮಾಡಿ ಮಾರುವವಳು. ಅವಳ ಹತ್ತಿರ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಇದೆ. ಯಾರು ಮಾಡಿದ್ದು, ಯಾವತ್ತು ಮಾಡಿದ್ದು, ಒಳಗೆ ಏನೇನಿದೆ ಅಂತ ಕೈಯಲ್ಲೇ ಬರೆದು ಮೇಜಿನ ಮೇಲಿಡಬೇಕು ಅಂತ ಅವಳೇ ಹಟ ಹಿಡಿದಳು. ಕಳೆದ ವರ್ಷದ ಚೀಟಿ ನೆನೆಸಿಕೊಂಡರೆ ಆ ಹಟ ಬೇಕಿತ್ತು.

ಬೆಳೆ ಹಬ್ಬಕ್ಕೆ ಮೂರು ವಾರ ಇರುವಾಗ ಸಭೆಯಲ್ಲಿ ಒಂದು ಪ್ರಕಟಣೆ ಓದಿಸಿದೆವು. ಈ ಸಲ ಸಾಮಾನು ನಾವು ಅಂಗಡಿಯಿಂದ ತರುವುದಿಲ್ಲ, ದಿನಾ ಅಕ್ಕಿ ಅಳೆಯುವಾಗ ಒಂದು ಹಿಡಿ ಬೆಳ್ತಿಗೆ ಅಕ್ಕಿ ಬೇರೆ ಇಡಿ ಅಂತ. ಬರುತ್ತದೆ ಅಂತ ನನಗೆ ಧೈರ್ಯ ಇರಲಿಲ್ಲ. ಮೂರನೇ ಭಾನುವಾರ ಬಾಗಿಲ ಹತ್ತಿರ ಇಟ್ಟ ಪಾತ್ರೆ ತುಂಬಿ ಎರಡನೇ ಪಾತ್ರೆ ತರಬೇಕಾಯಿತು. ಪ್ಲಾಸ್ಟಿಕ್ ಡಬ್ಬಿಯಲ್ಲಿ, ಐಸ್‌ಕ್ರೀಮ್ ಡಬ್ಬಿಯಲ್ಲಿ, ಒಂದು ಮಗು ತನ್ನ ಪೆನ್ಸಿಲ್ ಡಬ್ಬಿಯಲ್ಲಿ ಅಕ್ಕಿ ತಂದಿತ್ತು. ಕೆಲವರು ಗೊತ್ತಿಲ್ಲದೆ ಕುಚ್ಚಲಕ್ಕಿಯನ್ನೇ ಹಾಕಿದ್ದರು, ಅದನ್ನು ಹಬ್ಬದ ಊಟಕ್ಕೆ ಕೊಟ್ಟೆವು. ತೆಂಗಿನಕಾಯಿ, ಸೌತೆ ಎಲ್ಲ ಹಾಗೇ ಬಂತು. ದುಡ್ಡು ಕೊಟ್ಟು ತಂದದ್ದು ಬೆಲ್ಲ, ಏಲಕ್ಕಿ ಮಾತ್ರ.

ಹಬ್ಬದ ಹಿಂದಿನ ರಾತ್ರಿ ದೇವಾಲಯದ ಹಿತ್ತಲಲ್ಲಿ ಹನ್ನೊಂದು ಜನ ಕೂತೆವು. ಆರು ಒಲೆ, ಎರಡು ಸುತ್ತು, ಒಟ್ಟು ಹನ್ನೆರಡು ಅಡ್ಯೆ. ಒಂಬತ್ತು ಗಂಟೆಗೆ ಮಳೆ ಬಂತು. ಹೊರಗಿನ ಎರಡು ಒಲೆಯ ಮೇಲಿನ ಕೆಂಡ ಚುರ್ ಅಂತ ಸತ್ತಿತು. ಶೀಟಿನ ಮಾಡಿನ ಕೆಳಗೆ ಎಲ್ಲವನ್ನೂ ಎಳೆದುಕೊಂಡು ಹೋಗಿ, ಹೊಸದಾಗಿ ಗೆರಟೆ ಉರಿಸಿ, ಹೊಗೆಗೆ ಕಣ್ಣು ಉರಿದು, ಒಬ್ಬನ ಬೆರಳು ಸುಟ್ಟು, ಅಂತೂ ಮೊದಲ ಸುತ್ತು ಮುಗಿಯುವಾಗ ಹನ್ನೆರಡೂವರೆ. ಆಗ ಗೊತ್ತಾಯಿತು ಒಂದು ಅಡ್ಯೆ ಕಹಿ. ಸೌತೆ ತುರಿಯುವ ಮೊದಲು ತುದಿ ಕತ್ತರಿಸಿ ನಾಲಗೆಗೆ ಮುಟ್ಟಿಸಬೇಕು ಅಂತ ಅಜ್ಜಿ ಹೇಳಿದ್ದರು, ಗಡಿಬಿಡಿಯಲ್ಲಿ ಒಂದು ಕಾಯಿ ತಪ್ಪಿಹೋಯಿತು. ಅದನ್ನು ಬಿಟ್ಟರೆ ಹನ್ನೊಂದು. ಕಡೆಯ ಅಡ್ಯೆ ಇಳಿಸುವಾಗ ಬೆಳಗಿನ ನಾಲ್ಕು. ಎಲೆ ಬಿಡಿಸಿ ನೋಡಿದರೆ ಮೇಲೆ ಕಂದು, ಬದಿ ಗಟ್ಟಿ, ಒಳಗೆ ಬೆಲ್ಲದ ಬಣ್ಣ. ನಮ್ಮಲ್ಲಿ ಯಾರೂ ಮಾತಾಡಲಿಲ್ಲ, ಎಲ್ಲರೂ ಫೋನ್ ಬೆಳಕಿನಲ್ಲಿ ಸುಮ್ನೆ ನೋಡುತ್ತಾ ನಿಂತೆವು.

ಮಾರಾಟ ಬೇಗ ಮುಗಿಯಿತು. ಒಂದು ಅಡ್ಯೆಯನ್ನು ಏಲಂಗೆ ಕೊಟ್ಟೆವು. 500 ರೂಪಾಯಿಗೆ ತೆಗೆದುಕೊಂಡವರು ಮತ್ತೆ ಏಲಂಗೇ ಇಟ್ಟರು, 700ಕ್ಕೆ ತೆಗೆದುಕೊಂಡವರೂ ವಾಪಸ್ ಇಟ್ಟರು, ಕೊನೆಗೆ 1,100ಕ್ಕೆ ಒಬ್ಬರು ಮನೆಗೆ ಒಯ್ದರು. ಒಂದೇ ಅಡ್ಯೆಯಿಂದ 2,300. ಉಳಿದ ಹತ್ತನ್ನು ಒಂದೊಂದರಲ್ಲಿ ಹದಿನಾರರ ಹಾಗೆ ತುಂಡು ಮಾಡಿದೆವು. ತುಂಡಿಗೆ 20 ರೂಪಾಯಿ, 160 ತುಂಡು, 3,200 ರೂಪಾಯಿ. ಕೇಕ್ ಮೇಜಿನ ಲೆಕ್ಕ ಬೇರೆ, ಅದೂ ಚೆನ್ನಾಗಿಯೇ ಹೋಯಿತು, ಆ ಕೇಕುಗಳೂ ಈ ಸಲ ನಮ್ಮ ಮನೆಗಳಲ್ಲೇ ಬೆಂದದ್ದು. ಅಜ್ಜಿ ಬಂದು ಒಂದು ತುಂಡು ತಿಂದರು. ಈ ಸಲ ಯಾರು ಬೇಯಿಸಿದ್ದು ಅಂತ ಕೇಳಲಿಲ್ಲ. "ಉಪ್ಪು ಒಂಚೂರು ಹಿಡಿಯಬೇಕಿತ್ತು" ಅಂದರು, ಇನ್ನೊಂದು ತುಂಡು ತೆಗೆದುಕೊಂಡರು.

ಮಧ್ಯಾಹ್ನ ಅಜ್ಜಿಯ ಮನೆಯಿಂದ ಮುಂಬಯಿಗೆ ವಿಡಿಯೋ ಕಾಲ್ ಮಾಡಿದೆವು. ಅವರ ಅಣ್ಣ ಮಗನ ಮನೆಯಲ್ಲಿ ಇದ್ದಾರೆ. ಕಿವಿ ಸ್ವಲ್ಪ ದೂರ, ಜೋರಾಗಿ ಹೇಳಬೇಕು. ಪುಸ್ತಕದ ಸಾಲನ್ನು ಅಜ್ಜಿ ಓದಿ ಹೇಳಿದರು. ಅವರು ತುಂಬ ಹೊತ್ತು ನಕ್ಕರು. ಆಮೇಲೆ ನನ್ನನ್ನು ಕರೆದು, "ಎಷ್ಟು ತುಂಡು ಮಾಡಿದಿರಿ?" ಅಂತ ಕೇಳಿದರು.

"ಹದಿನಾರು ಅಜ್ಜಾ, ನೀವು ಮಾಡಿದ ಹಾಗೇ."

"ದುಂಡು ಪಾತ್ರೆಯದ್ದಲ್ವಾ? ಉದ್ದಕ್ಕೂ ಅಡ್ಡಕ್ಕೂ ಕತ್ತರಿಸಿದ್ದಲ್ವಾ? ಹಾಗಾದ್ರೆ ಬದಿಯ ತುಂಡು ಸಣ್ಣದು, ನಡುವಿನ ನಾಲ್ಕು ದೊಡ್ಡದು. ನಡುವಿನದ್ದು ಯಾರಿಗೆ ಕೊಟ್ಟಿರಿ?"

ನಾನು ಯೋಚಿಸಿದೆ. ಸಾಲಿನಲ್ಲಿ ಮೊದಲು ಬಂದವರು ಬೆರಳು ತೋರಿಸಿ ಆರಿಸಿಕೊಂಡಿದ್ದರು. ಮೊದಲು ಬಂದವರು ದೊಡ್ಡವರೇ.

"ನಾವು ನಡುವಿನದ್ದನ್ನು ಸಣ್ಣ ಮಕ್ಕಳಿಗೆ ಇಟ್ಟಿದ್ದೆವು" ಅಂದರು ಅವರು. "ರೇಟು ಒಂದೇ. ಆದ್ರೆ ನಡುವಿನದ್ದು ಮಕ್ಕಳಿಗೆ."

ಅಜ್ಜಿ ಪಕ್ಕದಲ್ಲಿ ಕೂತು, "ಹೌದು, ನನಗೂ ಒಂದು ಸಿಕ್ಕಿತ್ತು" ಅಂದರು. ಅವರಿಗೂ ಅದು ಆಗಲೇ ನೆನಪಾದದ್ದು.

ಸಂಜೆ ಖಜಾಂಚಿ ಲೆಕ್ಕ ಬರೆಯುವಾಗ "ಯುವಜನ ಸಂಘ, ಅಡ್ಯೆ ತುಂಡು ಮಾರಿ ತಂದದ್ದು" ಅಂತಲೇ ಬರೆದಳು. ನಾನು ಪುಸ್ತಕದ ಹಿಂದಿನ ಹಾಳೆಗೆ ತಿರುಗಿಸಿ, ಅಳತೆ, ಕೆಂಡ, ಹಂಚು ಎಲ್ಲ ಬರೆದೆ. ಅದರ ಕೆಳಗೆ ಮುಂದಿನ ವರ್ಷದವರಿಗೆ ಅಂತ ಇನ್ನೆರಡು ಸಾಲು: ಸೌತೆಯ ತುದಿ ನೆಕ್ಕಿ ನೋಡಿಯೇ ತುರಿಯಬೇಕು. ನಡುವಿನ ನಾಲ್ಕು ತುಂಡು ಸಣ್ಣ ಮಕ್ಕಳಿಗೆ.